ಮಗಳ ಬಗಲಿನ ಕಲೆ

ನನ್ನ ಒಂದು ಸುಳ್ಳಿಗೆ ಆದ ಖರ್ಚು — ನನ್ನ ಮಗಳ ಇಡೀ ಒಂದು ವರ್ಷ. ಖರ್ಚು ಮಾಡಿದವನು ನಾನು, ತೆತ್ತವಳು ಅವಳು.

ಮಗಳು ಮಹಾನಂದಾ ಆಗಷ್ಟೇ ನಡೆಯಲು ಕಲಿತಿದ್ದಾಗ ಹೃದಯದ ಆಪರೇಷನ್ ಆಯಿತು — ಬಲ ಬಗಲಿನ ಕೆಳಗೆ ಕೊಯ್ದು. ದೊಡ್ಡವಳಾಗಿ ಆ ಕಲೆ ಏನೆಂದು ಕೇಳಿದಾಗ, "ಅಜ್ಜಿ ಊರಾಗ ತಗಡಿನ ಮ್ಯಾಲೆ ಬಿದ್ದಿದ್ದಿ" ಎಂದೆ. ಹುಡುಗಿ ನಾಲ್ಕು ಮಂದಿಯ ಮುಂದೆ ಆಡಿದರೆ ನಾಳೆ ಲಗ್ನಕ್ಕೆ ತೊಡಕು ಎಂಬ ಲೆಕ್ಕ. ಹಳೇ ಹುಬ್ಬಳ್ಳಿಯಲ್ಲಿ ಹಳೆಯ ಹೊಲಿಗೆ ಯಂತ್ರ ಕೊಂಡು ಮಾರಿ ಮೇಲೆ ಬಂದವನು ನಾನು. ಗಿರಾಕಿ ಕೇಳದ ದೋಷವನ್ನು ನಾನಾಗಿ ಹೇಳಿದವನಲ್ಲ. ಲಗ್ನದ ಹೊತ್ತಿಗೆ ಬೀಗರು ಕೇಳಲಿಲ್ಲ. ಅಳಿಯನಿಗೂ ಅದೇ ತಗಡಿನ ಕಥೆ.

ಆದರೆ ಡಾಕ್ಟರು ಕೇಳಿದರು.

ಲಗ್ನವಾದ ಮೇಲೆ ಅವಳ ಮುಖ, ಕುತ್ತಿಗೆ ಊದತೊಡಗಿದ್ದವು. "ಮುಂಜಾನೆ ಪುರಿ ಉಬ್ಬಿದಂಗ ಇರ್ತಾಳ್ರಿ ಮಾವಾರ" ಎಂದು ಅಳಿಯ ನಗಾಡುತ್ತಿದ್ದ.

"ಸಣ್ಣಾಕಿ ಇದ್ದಾಗ ಏನರೆ ಆಪರೇಷನ್ ಆಗೇತೇನವಾ?" ಎಂದರು ಡಾಕ್ಟರು.

"ಇಲ್ರಿ" ಎಂದಳು, ಖರೇ ಅಂತಲೇ ತಿಳಿದು.

ನಾನು ಪಕ್ಕದಲ್ಲೇ ಇದ್ದೆ. ಅಳಿಯನೂ ಇದ್ದ. ನಾನು ಬಾಯಿ ತೆರೆಯಲಿಲ್ಲ — ಅವಳ ಸಂಸಾರಕ್ಕಾಗಿಯೋ, ನನ್ನ ಮರ್ಯಾದೆಗಾಗಿಯೋ... ಇವತ್ತಿಗೂ ಬಿಡಿಸಲಾಗುತ್ತಿಲ್ಲ. ಅಲರ್ಜಿ ಗುಳಿಗೆ, ಥೈರಾಯ್ಡ್ ತಪಾಸಣೆ — ವರ್ಷ ಹೋಯಿತು.

ಒಂದು ಬೆಳಿಗ್ಗೆ ರಂಗೋಲಿ ಹಾಕಲು ಬಾಗಿದವಳು ಅಲ್ಲೇ ಕುಸಿದಳು. ಆಗ ಒಬ್ಬನೇ ಹೋಗಿ ಡಾಕ್ಟರಿಗೆ ಹೇಳಿದೆ. ಅಲ್ಲೂ ಚೌಕಾಶಿ — "ಅಳಿಯಗ ಮಾತ್ರ ಗೊತ್ತಾಗಬಾರದ್ರಿ."

"ಅದು ನಿಮ್ಮ ಮಗಳ ಎದಿ ಕಾಕಾ, ನಿಮ್ಮ ಅಂಗಡಿ ಅಲ್ಲ. ಮೊದಲ ಆಕಿಗೆ ಹೇಳ್ರಿ."

ಗಂಡ ಹೆಂಡತಿ ಇಬ್ಬರ ಮುಂದೆಯೂ ಹೇಳಿದೆ. ಸ್ಕ್ಯಾನಿನಲ್ಲಿ ಕಂಡಿತು: ತಲೆಯಿಂದ ಹೃದಯಕ್ಕೆ ರಕ್ತ ಇಳಿಸುವ ದೊಡ್ಡ ನಾಳ, ಅಂದು ಆಪರೇಷನ್ ಆದ ಜಾಗದಲ್ಲೇ ಮುಚ್ಚುತ್ತ ಬಂದಿತ್ತು. ಮತ್ತೆ ಎದೆ ಕೊಯ್ಯಲಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಬಲೂನಿನಿಂದ ಹಿಗ್ಗಿಸಿ, ಸ್ಟೆಂಟ್ ಕೂರಿಸಿದರು. ಬಾವು ಇಳಿಯಿತು.

"ಹೇಳಿದ್ರೂ ಲಗ್ನ ಆಗ್ತಿದ್ದೆ ಬಿಡ್ರಿ" ಎಂದ ಅಳಿಯ. ಹಾಗಾದರೆ ಇಷ್ಟು ವರ್ಷ ನಾನು ಕಾಪಾಡಿದ್ದಾದರೂ ಏನನ್ನು?

ಡಾಕ್ಟರ ಎದುರಿಗೇ ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಮತ್ತೇನರೆ ಮುಚ್ಚಿಟ್ಟಿ ಏನು?"

ಇಲ್ಲ ಎಂದೆ. ಅದು ನಿಜ. ಆದರೆ ಅವಳು ನನ್ನ ಮುಖ ನೋಡಲಿಲ್ಲ — ಡಾಕ್ಟರ ಮುಖ ನೋಡಿದಳು.

ಓದುವವರೇ, ನಿಮ್ಮ ಮಗುವಿಗೆ ಆಪರೇಷನ್ ಆಗಿದ್ದರೆ, ತಿಳಿಯುವ ವಯಸ್ಸಿಗೆ ಅದಕ್ಕೇ ಹೇಳಿ. ಆಪರೇಷನ್ನಿನ ಹೆಸರು ಬಾಯಿಪಾಠ ಮಾಡಿಸಿ, ಕಾಗದಗಳನ್ನು ಅದರ ಕೈಗೇ ಕೊಡಿ. ಡಾಕ್ಟರು ಕೇಳಿದಾಗ ಪಕ್ಕದಲ್ಲಿ ನೀವು ಇರುತ್ತೀರಲ್ಲ ಎಂದು ನಂಬಿ ಕೂರಬೇಡಿ — ನಾನು ಇದ್ದೆ.