ಬಾಯಿ ಮುಚ್ಚಿಕೊಂಡ ಏಣಿ

ಹೋದ ವಾರ ನಮ್ಮ ಮನೆಯ ಏಣಿ ಬಾಯಿ ಮುಚ್ಚಿಕೊಂಡಿತು. ಎಲ್ಲರಿಗೂ ಖುಷಿ. ನನಗೊಬ್ಬಳಿಗೆ ಅನುಮಾನ.

ಅಲ್ಯೂಮಿನಿಯಂ ಏಣಿ. ರಾಯದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಯುವ ಮಷೀನುಗಳಿವೆ. ಮೇಲೆ ಅಟ್ಟದಲ್ಲಿ ಕಟಿಂಗ್ ಆದ ಬಟ್ಟೆಯ ಬಂಡಲ್‌ಗಳು. ದಿನವೂ ಏಣಿ ಹತ್ತಿ ಅವನ್ನು ಇಳಿಸುವವಳು ನೀಲಮ್ಮ. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ವರ್ಷಗಟ್ಟಲೆ ಹೊಲಿದು, ಸಾಕಾಗಿ ಇಲ್ಲೇ ಹತ್ತಿರದ ತನ್ನೂರು ಗುಮ್ಮಘಟ್ಟಕ್ಕೆ ಮರಳಿದವಳು. ಈಗ ಷೇರ್ ಆಟೋ ಹಿಡಿದು ನಮ್ಮಲ್ಲಿಗೆ ಬರುತ್ತಾಳೆ. ಅವಳು ಕಾಲಿಟ್ಟರೆ ಸಾಕು, ಏಣಿ ಕಿರ್ರೋ ಅನ್ನುತ್ತಿತ್ತು. (ನಮ್ಮ ಬಂಡಲ್ ಇಳಿಯುವ ಹೊತ್ತು ಎದುರು ಮನೆಯವರಿಗೂ ಗೊತ್ತಾಗುತ್ತಿತ್ತು.)

"ಮ್ಯಾಲಿನ ಮೆಟ್ಲು ಅಳ್ಳಾಡ್ತೈತ್ರಿ," ಅಂತ ನೀಲಮ್ಮ ಹೇಳುತ್ತಲೇ ಇದ್ದಳು.

ನಮ್ಮೂರಿನಲ್ಲಿ ಸದ್ದು ಮಾಡುವ ಎಲ್ಲದಕ್ಕೂ ಒಂದೇ ಔಷಧ: ಜೀನ್ಸ್ ಚಿಂದಿ. ಕಿಟಕಿ ಬಡಿದುಕೊಳ್ಳುತ್ತದೆಯೇ? ಚಿಂದಿ ತುರುಕಿ. ಮಂಚ ಕಿರುಗುಟ್ಟುತ್ತದೆಯೇ? ಚಿಂದಿ ಸುತ್ತಿ. ಸ್ಕೂಟರಿನ ನಂಬರ್ ಪ್ಲೇಟಿಗೂ ಅದೇ. ಕಟಿಂಗ್ ಟೇಬಲ್ ಕೆಳಗೆ ರಾಶಿ ಬಿದ್ದಿರುತ್ತದೆ, ಪುಕ್ಕಟೆ ಬೇರೆ. ನಮ್ಮ ಯಜಮಾನರೂ ಏಣಿಯ ಮೆಟ್ಟಿಲುಗಳ ಸಂದಿಗೆಲ್ಲ ಚಿಂದಿ ಸುತ್ತಿ ಬಿಗಿಯಾಗಿ ಗಂಟು ಹಾಕಿದರು.

"ನೋಡು, ಉಸಿರಿಲ್ಲ. ರಿಪೇರಿ ಆತು," ಅಂದರು.

ರಿಪೇರಿಯಾ? ಎರಡು ದಿನ ನೀಲಮ್ಮ ಸದ್ದಿಲ್ಲದ ಏಣಿ ಹತ್ತಿ ಇಳಿದಳು; ಮೂರನೆಯ ದಿನ ನಾನು ಕತ್ತರಿ ತಂದೆ.

"ಕಟ್ಟಿದ್ದನ್ನ ಯಾಕ ಬಿಚ್ತಿ? ಸುಮ್ನ ಐತಲ್ಲ?" ಅಂದರು ಯಜಮಾನರು.

ಸುಮ್ಮನಿರುವುದೇ ನನ್ನ ತಕರಾರು ಅಂದೆ. ಚಿಂದಿಯನ್ನೆಲ್ಲ ಕತ್ತರಿಸಿ ತೆಗೆದು, ಏಣಿಯನ್ನು ನೆಲದ ಮೇಲೆ ಮಲಗಿಸಿ, ಒಂದೊಂದೇ ಮೆಟ್ಟಿಲು ಹಿಡಿದು ತಿರುಚಿದೆ. ಕೆಳಗಿನವು ಗಟ್ಟಿ. ನಡುವಿನದೊಂದನ್ನು ಏಣಿಯ ಕಾಲಿಗೆ ಹಿಡಿದಿಡುವ ಮೊಳೆ, ಅಂದರೆ ರಿವೆಟ್, ಸಡಿಲ. ಅದನ್ನು ತೆಗೆದು ನಟ್ಟು ಬೋಲ್ಟು ಹಾಕಿ ಬಿಗಿದೆ. ಸದ್ದು ಅರ್ಧ ಇಳಿಯಿತು.

ಇನ್ನರ್ಧ ಎಲ್ಲಿಂದ? ಮೇಲಿನ ಮೆಟ್ಟಿಲ ಬಳಿ ಧೂಳು ಒರೆಸಿ ನೋಡಿದೆ. ರಿವೆಟ್ಟಿನ ತೂತಿನಿಂದ ಹೊರಟು ಏಣಿಯ ಕಾಲಿನುದ್ದಕ್ಕೆ ಕೂದಲೆಳೆಯಂಥ ಬಿರುಕು. ಉಗುರಿಗೆ ಸಿಕ್ಕುತ್ತಿತ್ತು. ಸ್ವಲ್ಪ ಬಗ್ಗಿಸಿದರೆ ಅಗಲವಾಗುತ್ತಿತ್ತು. ಹೆಗಲ ಮೇಲೆ ಬಂಡಲ್ ಹೊತ್ತು, ಅಷ್ಟು ಎತ್ತರದಿಂದ ನೀಲಮ್ಮ ಬಿದ್ದಿದ್ದರೆ?

"ಅದಕ್ಕೂ ಒಂದು ಬೋಲ್ಟ್ ಹಾಕು," ಅಂದರು ಯಜಮಾನರು.

ಸಡಿಲವಾದದ್ದನ್ನು ಬಿಗಿಯಬಹುದು. ಬಿರಿದದ್ದನ್ನು ಬಿಗಿದರೆ ಇನ್ನಷ್ಟು ಬಿರಿಯುತ್ತದೆ. ಈ ಏಣಿಯ ಕಥೆ ಮುಗಿಯಿತು ಅಂದೆ.

"ಹಂಗಾದ್ರ ಗುಜರಿಗೆ ಹಾಕಾಣ."

ಗುಜರಿಯಿಂದ ಅದು ಇನ್ಯಾರದೋ ಮನೆಗೆ ಹೋದರೆ? ಅಲ್ಲೂ ಹತ್ತುವವರು ಇರುತ್ತಾರಲ್ಲ? ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಗರಗಸ ತಂದು ಎರಡೂ ಕಾಲುಗಳನ್ನು ನಾನೇ ಕುಯ್ದೆ. ತೋಳು ನೋಯಿತು, ಬಿಡಲಿಲ್ಲ. ಈಗ ಧಾರಾಳವಾಗಿ ಗುಜರಿಗೆ ಹಾಕಿ ಅಂದೆ. ಹೊಸ ಏಣಿ ಬರುವ ತನಕ ಬಂಡಲ್‌ಗಳೆಲ್ಲ ನೆಲದ ಮೇಲೆ. ಕಾಲಿಡಲು ಜಾಗವಿಲ್ಲ ಅಂತ ಮನೆಯಲ್ಲಿ ಗೊಣಗಾಟ. ಗೊಣಗಲಿ.

ಆದರೆ ಒಂದು ವಿಷಯ ತಲೆ ಕೊರೆಯುತ್ತಲೇ ಇತ್ತು. ದಿನಾ ದೂರುತ್ತಿದ್ದ ನೀಲಮ್ಮ, ಚಿಂದಿ ಸುತ್ತಿದ ಮೇಲೆ ಒಂದು ಮಾತೂ ಆಡಿರಲಿಲ್ಲ. ಅಳ್ಳಾಡುವುದು ನಿಂತಿತ್ತೇ? ಕೇಳಿಯೇಬಿಟ್ಟೆ.

"ಎಲ್ಲಿ ನಿಂತಿತ್ರಿ? ಜಾಸ್ತಿನ ಆಗಿತ್ತು," ಅಂದಳು, ಸೂಜಿಗೆ ದಾರ ಪೋಣಿಸುತ್ತ. "ಏಣಿನ ಸುಮ್ನಾದ ಮ್ಯಾಲ ನನ್ ಮಾತು ಯಾರು ನಂಬ್ತಾರಂತ ನಾನೂ ಸುಮ್ನಾದ್ನಿರಿ."

ನಿಮ್ಮ ಮನೆಯಲ್ಲಿ ಇತ್ತೀಚೆಗೆ ಸುಮ್ಮನಾದವರು ಯಾರು?