ಸೂಜಿಯಕ್ಕ, ಸ್ಪ್ರಿಂಗು ಮತ್ತು ಒಂದು ಸೇಡು

ಸೋಫಾ ಹೊಲಿಯುವ ಆ ಹೆಂಗಸನ್ನು ಬೀದಿಯವರೆಲ್ಲ ಸೂಜಿಯಕ್ಕ ಎಂದು ಕರೆಯುತ್ತಿದ್ದರು. ಅಂಗಿಯ ಕಾಲರಿಗೆ ಸದಾ ಒಂದು ಬಾಗಿದ ಸೂಜಿ ಚುಚ್ಚಿಕೊಂಡಿರುತ್ತಿದ್ದುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳ ಹತ್ತಿರ ಚೌಕಾಸಿಗೆ ಹೋದವರನ್ನೇ ಕೇಳಬೇಕು. ಮದುವೆ ಆಗಿರಲಿಲ್ಲ, ಆಗಬೇಕೆಂದು ಅನ್ನಿಸಿಯೂ ಇರಲಿಲ್ಲ. ಅಪ್ಪ ಬಿಟ್ಟುಹೋದ ಅಂಗಡಿ, ಅದರ ಹಿಂದೆ ಎರಡು ಕೋಣೆ, ಆ ಎರಡು ಕೋಣೆಗಳನ್ನು ದಿನವೂ ತಲೆಕೆಳಗು ಮಾಡಲು ಒಂದು ನಾಯಿ. ಇಷ್ಟರ ಜೊತೆಗೆ ಅವಳು ಜೋಪಾನವಾಗಿ ಕಾಪಾಡಿಕೊಂಡು ಬಂದದ್ದು ಅಣ್ಣನ ಮೇಲಿನ ಹಗೆಯನ್ನು.

ನಾಯಿಯ ಹೆಸರು ಸ್ಪ್ರಿಂಗು. ರಿಪೇರಿಗೆ ಬಂದ ಹಳೇ ಸೋಫಾವೊಂದರ ತಳದ ಬಟ್ಟೆಯನ್ನು ಅಪ್ಪ ಕತ್ತರಿಸಿದಾಗ ಸ್ಪ್ರಿಂಗುಗಳ ನಡುವೆ ಸಿಕ್ಕಿದ ಮರಿ ಅದು. ತಾಯಿ ಎಲ್ಲಿ ಹೋಯಿತೋ, ತಂದೆ ಯಾವ ಪುಣ್ಯಾತ್ಮನೋ. ಒಂದು ಕಿವಿ ನೆಟ್ಟಗೆ, ಒಂದು ಜೋತು. ಕಾಲು ಬೇಟೆನಾಯಿಯದು, ಮೈ ಜೂಲುನಾಯಿಯದು, ಬಾಲ ಮಾತ್ರ ಯಾವ ಜಾತಿಗೂ ಒಪ್ಪುವಂಥದಲ್ಲ. ನಿಂತಲ್ಲಿ ನಿಲ್ಲುವುದು ಅದಕ್ಕೆ ಯಾರೂ ಕಲಿಸಿಕೊಟ್ಟ ವಿದ್ಯೆಯಲ್ಲ. ಬೆಳಿಗ್ಗೆ ಮೈದಾನದಲ್ಲಿ ಓಡಿಸಿಕೊಂಡು ಬಂದರೆ ಅವಳಿಗೆ ಏದುಸಿರು, ಅದಕ್ಕೆ ಆಗಷ್ಟೇ ಉಮೇದು. ಸೋಫಾ ರಿಪೇರಿ ಮಾಡುವವಳ ಮನೆಯಲ್ಲೇ ಕೂರಲು ಒಂದು ಮೆತ್ತೆ ಉಳಿದಿಲ್ಲವೆಂದು ಬೀದಿಯವರು ನಗುತ್ತಿದ್ದರು. ಅಪ್ಪನಂತೂ ಅದು ಮೈಮೇಲೆ ಹತ್ತಿದಾಗ ಬೈಯುತ್ತಲೇ ಜಾಗ ಕೊಡುತ್ತಿದ್ದ.

ಅಪ್ಪನಿಗೆ ಲಕ್ವ ಹೊಡೆದಾಗ ಅಣ್ಣ ಬಂದು ಕೂತ. ಅಣ್ಣನದು ಊರಿನ ಇನ್ನೊಂದು ಮೂಲೆಯಲ್ಲಿ ಕಾರು ಓಡಿಸುವುದನ್ನು ಕಲಿಸುವ ಶಾಲೆ. ಹಿಡಿದ ದಾರಿ ಬಿಡದ, ಹೇಳಿದಷ್ಟೇ ಮಾಡುವ ಮನುಷ್ಯ. ಒಂದು ಮಧ್ಯಾಹ್ನ ಅವಳು ಸಿನಿಮಾ ಮಂದಿರದ ಕುರ್ಚಿಗಳಿಗೆ ಹೊದಿಕೆ ಹಾಕಿ ಮನೆಗೆ ಬಂದರೆ ನಾಯಿ ಇಲ್ಲ. "ಅಪ್ಪನೇ ಬೇಡ ಅಂದ್ರು. ದೂರ ಬಿಟ್ಟು ಬಂದೆ," ಅಂದ ಅಣ್ಣ, ಹಳೇ ಪೇಪರು ರದ್ದಿಗೆ ಹಾಕಿ ಬಂದವನ ಹಾಗೆ. ಮಾತು ನಿಂತೇಹೋಗಿದ್ದ ಅಪ್ಪ ಮುಂದಿನ ವಾರವೇ ತೀರಿಕೊಂಡ, ಬಾಗಿಲ ಕಡೆ ಕಣ್ಣು ನೆಟ್ಟುಕೊಂಡು. ಆ ಕಣ್ಣು ಯಾರನ್ನು ಹುಡುಕುತ್ತಿತ್ತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಅವಳು ಸೈಕಲ್ ಹತ್ತಿ ಊರೆಲ್ಲ ಸ್ಪ್ರಿಂಗೂ ಸ್ಪ್ರಿಂಗೂ ಎಂದು ಅರಚಿಕೊಂಡು ಅಲೆದಳು, ಜನ ಇವಳಿಗೆ ತಲೆ ಕೆಟ್ಟಿತು ಅಂದುಕೊಂಡರು. ಕೊನೆಗೆ ಸೇತುವೆಯಾಚೆ ಲಾರಿ ತೊಳೆಯುವ ಜಾಗದಲ್ಲಿ ಸಿಕ್ಕಿತು. ಎಲುಬು ಎಣಿಸುವ ಹಾಗಿದ್ದರೂ ನೀರಿನ ಪೈಪಿನ ಜೊತೆ ಕುಸ್ತಿಗೆ ಬಿದ್ದಿತ್ತು.

ಅಂದಿನಿಂದ ಅವಳ ಹೊಟ್ಟೆಯಲ್ಲಿ ಕೆಂಡ. ಅಣ್ಣನ ಶಾಲೆಯ ಸೋಫಾ ರಿಪೇರಿಗೆ ಬಂದಾಗ ತಳದ ಪಟ್ಟಿಯನ್ನು ಎಡಗಡೆ ಬೇಕೆಂದೇ ಸಡಿಲ ಬಿಟ್ಟಳು. ಕೂತವರೆಲ್ಲ ನಿಧಾನವಾಗಿ ಎಡಕ್ಕೆ ವಾಲುತ್ತ ಹೋಗುತ್ತಾರೆಂದು ಸುದ್ದಿ ಬಂದ ದಿನ ಅವಳು ಎರಡು ತುತ್ತು ಹೆಚ್ಚು ಉಂಡಳು. ಹೊದಿಕೆ ಬದಲಿಸಲು ಬಂದ ಅವನ ಕಾರಿನ ಸೀಟಿನೊಳಗೆ, ಡ್ರೈವರಿನ ಸೊಂಟಕ್ಕೆ ಸರಿಯಾಗಿ, ಒಂದು ಗಂಟು ಇಟ್ಟು ಹೊಲಿದಳು. ಅಣ್ಣ ಸೊಂಟನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾನೆಂದು ಅತ್ತಿಗೆ ಫೋನಿನಲ್ಲಿ ಗೋಳಾಡಿದರೆ, "ಅಯ್ಯೋ ಪಾಪ, ವಯಸ್ಸಾಯ್ತಲ್ಲ ಅತ್ತಿಗೆ," ಅಂದಳು. ಆದರೆ ಇವೆಲ್ಲ ಹೊಟ್ಟೆ ತುಂಬುವ ಸೇಡಲ್ಲ. ಅವನ ನಿದ್ದೆ ಕೆಡಬೇಕು, ಅಪ್ಪನ ಕಣ್ಣು ನೆನಪಾಗಿ ಎದ್ದು ಕೂರಬೇಕು. ಅವಳಿಗೆ ಬೇಕಾದದ್ದು ಅದು.

ನಾಯಿಯನ್ನೂ ತನ್ನ ಪಕ್ಷಕ್ಕೆ ಎಳೆಯಲು ನೋಡಿದಳು. ಅಣ್ಣ ಮರೆತು ಬಿಟ್ಟುಹೋದ ಸ್ವೆಟರನ್ನು ಮೂಗಿಗೆ ಹಿಡಿದು, "ಗುರ್ ಅನ್ನು ನೋಡೋಣ, ಇವನೇ ನಿನ್ನ ಬೀದಿಪಾಲು ಮಾಡಿದ್ದು," ಎಂದು ಪಾಠ ಹೇಳಿದಳು. ಸ್ಪ್ರಿಂಗು ಸ್ವೆಟರನ್ನು ಕಿತ್ತುಕೊಂಡು, ಎರಡೂ ಕೋಣೆ ಸುತ್ತಿ, ಅದರ ಮೇಲೆ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. "ಮಾನ ಮರ್ಯಾದೆ ಇದ್ಯೇನೇ ನಿಂಗೆ? ನಾನು ನಿನಗೋಸ್ಕರ ಹಲ್ಲು ಕಡೀತಿದ್ರೆ ನೀನು ಹಲ್ಲು ಕಿರೀತೀಯಲ್ಲ!" ಎಂದು ಅವಳು ರೇಗಿದಳು.

ಸೋಫಾ ವಾಲುವುದು ತಡೆಯಲಾರದೆ ಅಣ್ಣ ಒಂದು ಸಂಜೆ ತಾನೇ ಬಂದ. ಬಾಗಿಲಲ್ಲೇ ಸ್ಪ್ರಿಂಗು ಅವನ ಎದೆಗೆ ಕಾಲಿಟ್ಟು ಮುಖವೆಲ್ಲ ನೆಕ್ಕಿತು. ದ್ರೋಹಿ ಅಂದುಕೊಂಡಳು ಸೂಜಿಯಕ್ಕ.

"ಇನ್ನೂ ಹೀಗೇ ಕುಣಿಯತ್ತಲ್ಲ ಇದು," ಅಂದ ಅಣ್ಣ ಮುಖ ಒರೆಸಿಕೊಳ್ಳುತ್ತ.

"ನೀನು ಕೊಲ್ಲೋಕೆ ನೋಡಿದ್ರೂ ಸಾಯ್ಲಿಲ್ಲ ನೋಡು."

"ಎಷ್ಟು ಸಲ ಅದೇ ಅಂತೀಯಾ? ನಾನೇನು ನನ್ನ ಮನಸಿಂದ ಮಾಡಿದ್ನಾ? ನೀನು ಕೆಲಸಕ್ಕೆ ಹೋಗಿದ್ದೆ. ಇದು ಅಪ್ಪನ ಹಾಸಿಗೆ ಮೇಲೆ ಹತ್ತಿ ಹೊದಿಕೆ ಎಳೀತಿತ್ತು. ನಾಯಿನ ಏನ್ ಮಾಡ್ಲಿ ಅಪ್ಪ ಅಂತ ಕೇಳಿದೆ. ಅಪ್ಪಂಗೆ ನಾಲಿಗೆ ಹೊರಳ್ತಾ ಇರ್ಲಿಲ್ಲ. ಆದ್ರೂ ಕಷ್ಟಪಟ್ಟು ಹೇಳಿದ್ರು."

"ಬೇಡ ಅಂದ್ರಾ?"

"ಬೇಡ ಅಂತ ಅಲ್ಲ. ಸಾಕು ಅಂದ್ರು. ಅಷ್ಟೇ, ಒಂದೇ ಮಾತು. ಆಮೇಲೆ ಮಾತೇ ಆಡ್ಲಿಲ್ಲ."

ಕಾಲರಿನಿಂದ ತೆಗೆದ ಸೂಜಿ ಅವಳ ಕೈಯಲ್ಲೇ ನಿಂತಿತು. ಇಷ್ಟು ದಿನ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಹುಡುಕುತ್ತಿದ್ದ ಸೇಡನ್ನು ಅಣ್ಣ ತಾನೇ ತಂದು ಕೈಗಿಟ್ಟಿದ್ದ. ಸಂತೋಷಕ್ಕೆ ಅವಳ ಕಿವಿ ಬಿಸಿಯಾಯಿತು.

"ನಾಯಿನ ಏನ್ ಮಾಡ್ಲಿ ಅಂತ ಕೇಳ್ದೆ," ಅಂದಳು ಮೆಲ್ಲಗೆ, ಒಂದೊಂದೇ ಹೊಲಿಗೆ ಹಾಕುವವಳಂತೆ. "ಅಪ್ಪ ಸಾಕು ಅಂದ್ರು. ನಾಯಿ ಸಾಕು. ಹಸು ಸಾಕು, ಕೋಳಿ ಸಾಕು ಅಂತೀವಲ್ಲ, ಹಾಗೆ. ನೋಡ್ಕೋ, ಅನ್ನ ಹಾಕು ಅಂತ ಅಂದಿದ್ದು ಕಣೋ ಅದು."

ಅಣ್ಣ ಮೊದಲು ನಕ್ಕ. ಆಮೇಲೆ ಆ ಮಾತನ್ನು ತುಟಿಯಲ್ಲೇ ಎರಡು ಮೂರು ಸಲ ಹೇಳಿಕೊಂಡ. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಅವನ ಮುಖ ಇಳಿಯಿತು.

"ಹಂಗಾದ್ರೆ ಅಪ್ಪ ಬಾಗಿಲು ನೋಡ್ತಾ ಇದ್ದಿದ್ದು..."

"ಮತ್ತೆ? ನೀನು ಕರ್ಕೊಂಡು ಬರ್ತೀಯ ಅಂತ ಕಾಯ್ತಿದ್ರು."

ಅಷ್ಟು ದೊಡ್ಡ ಗಂಡಸು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುವುದನ್ನು ಅವಳು ಕಣ್ತುಂಬ ನೋಡಿದಳು. ಅಯ್ಯೋ ಅನ್ನಿಸಲಿಲ್ಲ, ಸುಳ್ಳೇಕೆ ಹೇಳಬೇಕು, ತಂಪಾಯಿತು. ಅಳಲಿ, ಇನ್ನೂ ಅಳಲಿ ಅಂದುಕೊಂಡಳು. ಸ್ಪ್ರಿಂಗು ಮಾತ್ರ ಅವನ ಬೆರಳುಗಳ ಸಂದಿಯಲ್ಲಿ ಮೂತಿ ತೂರಿಸಿ ಉಪ್ಪು ನೆಕ್ಕುತ್ತಿತ್ತು.

ಅಣ್ಣ ಎದ್ದ. ಕಣ್ಣೊರೆಸಿಕೊಂಡು ನೇರ ಗೋಡೆಯ ಹತ್ತಿರ ಹೋಗಿ, ಮೊಳೆಗೆ ನೇತುಹಾಕಿದ್ದ ನಾಯಿಯ ಹಗ್ಗ ತೆಗೆದುಕೊಂಡ. ಹಗ್ಗ ಕಂಡದ್ದೇ ಸ್ಪ್ರಿಂಗು ಚೆಂಡಿನ ಹಾಗೆ ನೆಗೆಯತೊಡಗಿತು.

"ಎಲ್ಲಿಗೆ?" ಅಂದಳು ಅವಳು.

"ಮನೆಗೆ. ಅಪ್ಪ ಹೇಳಿದ್ದು ನಂಗೆ ಅಲ್ವಾ? ಸಾಕು ಅಂದಿದ್ದು ನಂಗೆ, ನಿಂಗಲ್ಲ. ಇಷ್ಟು ದಿನ ನನ್ನ ಪಾಡು ನೀನು ಪಟ್ಟೆ. ಇನ್ಮೇಲೆ ನಾನು ಸಾಕ್ತೀನಿ. ಅಂಗಳ ಇದೆ, ಮಕ್ಕಳಿದಾರೆ. ನೀನೂ ಯಾವಾಗ ಬೇಕಾದ್ರೂ ಬಂದು ನೋಡು."

"ನನ್ನ ನಾಯಿ ಮುಟ್ಟಿದ್ರೆ ನೋಡು ಮತ್ತೆ!"

"ಬೈಯಿ, ಹೊಡಿ. ಅಪ್ಪನ ಕೊನೇ ಮಾತು ಒಂದು ಸಲ ಮೀರಿದೀನಿ. ಇನ್ನೊಂದು ಸಲ ಮೀರಲ್ಲ."

ಕೆಣಕಲು ಆಡಿದ ಮಾತಾಗಿದ್ದರೆ ಅವಳು ಎರಡು ಬಿಗಿದು ಕಳಿಸುತ್ತಿದ್ದಳು. ಅವನು ಮನಸಾರೆ ಹೇಳುತ್ತಿದ್ದ, ತೊಂದರೆ ಇದ್ದದ್ದೇ ಅಲ್ಲಿ. ಇವತ್ತು ಓಡಿಸಿದರೆ ನಾಳೆ ಬರುತ್ತಾನೆ, ನಾಳಿದ್ದೂ ಬರುತ್ತಾನೆ. ಅವಳು ಒಂದು ದಿನ ಕೆಲಸಕ್ಕೆ ಹೋಗಿದ್ದಾಗ ಬಂದರೆ, ಆ ಮಾನಗೇಡಿ ನಾಯಿ ಬಾಲ ಅಲ್ಲಾಡಿಸಿಕೊಂಡು ಅವನ ಕಾರು ಹತ್ತುತ್ತದೆ. ಆಗಲೇ ಅದು ಹಗ್ಗದ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಅವನನ್ನು ಬಾಗಿಲಿಗೆ ಎಳೆಯುತ್ತಿತ್ತು.

"ಅಣ್ಣ," ಅಂದಳು. ಅಪ್ಪ ಹೋದ ಮೇಲೆ ಅವನನ್ನು ಹಾಗೆ ಕರೆದಿರಲಿಲ್ಲ. "ಕೂತ್ಕೋ. ಹೊಟ್ಟೆಯುರಿಗೆ ಏನೋ ಅಂದೆ. ಅದು ಹಂಗಲ್ಲ."

"ಮತ್ತೆ ಹೆಂಗೆ?"

ಅವಳಿಗೆ ಅಪ್ಪನ ಕೈ ನೆನಪಾಯಿತು, ಸೋಫಾದ ಹೊಟ್ಟೆಯೊಳಗಿಂದ ಕಣ್ಣು ಬಿಡದ ಮರಿಯನ್ನು ಎತ್ತಿದ ಕೈ.

"ಅಪ್ಪಂಗೆ ಇದರ ಕಾಟ ಸಾಕಾಗಿ ಹೋಗಿತ್ತು. ಸಾಕಪ್ಪಾ ಸಾಕು ಅಂತ ನನ್ನ ಹತ್ರಾನೂ ಅಂದಿದ್ರು. ಇದು ಮನೇಲಿರೋದು ಅವರಿಗೆ ಬೇಕಿರ್ಲಿಲ್ಲ."

"ನಿಜವಾಗ್ಲೂ?"

"ಅಪ್ಪನಾಣೆ."

ಅಣ್ಣ ಉದ್ದಕ್ಕೆ ಉಸಿರು ಬಿಟ್ಟ. ಮುಖಕ್ಕೆ ರಕ್ತ ಮರಳಿತು. ನಾಯಿಯ ಬಾಯಿಂದ ಹಗ್ಗ ಬಿಡಿಸಿ ಅವಳ ಕೈಗೆ ಕೊಟ್ಟ.

"ಹಂಗಾದ್ರೆ ನಾನು ಮಾಡಿದ್ದು ಸರಿ," ಅಂದ. "ಅಲ್ವಾ? ಹೇಳು," ಎಂದು ಮತ್ತೆ ಕೇಳಿದ.

ಸ್ಪ್ರಿಂಗು ಅವನ ಕಡೆಗೆ ಜಗ್ಗುತ್ತಿತ್ತು. ಅದರ ಕುತ್ತಿಗೆಪಟ್ಟಿಯನ್ನು ಸೂಜಿಯಕ್ಕ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಸರಿಯಾಗೇ ಮಾಡ್ದೆ, ಅಣ್ಣ," ಅಂದಳು.