ನಾನು ಕಲಿಸಿದ ಹತ್ತು ಚೀಲದ ಲೆಕ್ಕ

ಹೋದ ವರ್ಷದ ಮಾತು. ದಸರಾ ರಜೆ ಮುಗಿದು ಶಾಲೆ ತೆರೆದ ವಾರವೇ ನಮ್ಮೂರ ಸರ್ಕಾರಿ ಶಾಲೆಯ ಟೀಚರಮ್ಮ ಹೆರಿಗೆ ರಜೆ ಹಾಕಿ ತವರಿಗೆ ಹೋದರು. ಇರುವುದೇ ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ಹೋದ ಮೇಲೆ, ಒಂದರಿಂದ ಐದನೇ ತರಗತಿವರೆಗಿನ ಅರವತ್ತು ಚಿಲ್ಲರೆ ಮಕ್ಕಳಿಗೆ ಹೆಡ್‌ಮಾಸ್ತರ ಬಸಲಿಂಗಪ್ಪನವರೊಬ್ಬರೇ ಗತಿ. ಪಾಪ, ಒಂದು ಕೋಣೆಯಲ್ಲಿ ಅಕ್ಷರ ಬರೆಯಲು ಹಚ್ಚಿ ಇನ್ನೊಂದು ಕೋಣೆಗೆ ಕಾಲಿಡುವಷ್ಟರಲ್ಲಿ ಮೊದಲ ಕೋಣೆಯಲ್ಲಿ ಕುಸ್ತಿ ಶುರುವಾಗಿರುತ್ತಿತ್ತು.

ನಮ್ಮದು ಸಿಂಧನೂರು ತಾಲ್ಲೂಕಿನಲ್ಲಿ ಕಾಲುವೆ ದಂಡೆಯ ಸಣ್ಣ ಊರು. ನನ್ನ ಹೆಸರು ಖಾಜಾಹುಸೇನ್. ಭತ್ತದ ಸುಗ್ಗಿಯಲ್ಲಿ ವ್ಯಾಪಾರಸ್ಥರ ಕಡೆಯಿಂದ ಕಣಕ್ಕೆ ಹೋಗಿ ಚೀಲ ತೂಗುವುದು ನನ್ನ ಕಸುಬು. ಮುಕ್ಕುಂದದ ಕಣದಲ್ಲೂ ನಾನೇ, ಮಸ್ಕಿ ಕಡೆಯ ಕಣದಲ್ಲೂ ನಾನೇ. ತೂಕದ ಯಂತ್ರಕ್ಕೆ ನಮ್ಮ ಕಡೆ ಕಾಟಾ ಎನ್ನುತ್ತಾರೆ, ಹಾಗಾಗಿ ಊರಿಗೆಲ್ಲ ನಾನು ಕಾಟಾ ಖಾಜಾ. ಚೀಲ ನೋಡಿದರೆ ಸಾಕು, ತೂಗುವ ಮೊದಲೇ ಇಷ್ಟು ಕಿಲೋ ಎಂದು ಹೇಳಬಲ್ಲೆ ಎಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ನನ್ನ ಮಗಳು ಶಬಾನಾ ಇದೇ ಶಾಲೆಯಲ್ಲಿ ನಾಲ್ಕನೇ ತರಗತಿ.

ಒಂದು ಸಂಜೆ ಬಸಲಿಂಗಪ್ಪನವರು ಎಲ್ಲ ತಂದೆತಾಯಿಗಳನ್ನು ಶಾಲೆಗೆ ಕರೆಸಿದರು. ಮುಖ ಬಾಡಿತ್ತು.

"ಬ್ಯಾರೆ ಮಾಸ್ತರು ಬರೂದು ಇನ್ನೂ ಎರಡು ಮೂರು ತಿಂಗಳಾಗಬಹುದ್ರಿ," ಎಂದರು. "ನನ್ನೊಬ್ಬನ ಕೈಲಿ ಐದೂ ಕ್ಲಾಸು ಆಗವಲ್ದು. ಮೂರು, ನಾಕು, ಐದನೇ ಕ್ಲಾಸಿನ ಮಕ್ಕಳು ಅಲ್ಲೀತನಕ ಪಕ್ಕದ ಊರಿನ ಸಾಲಿಗೆ ಹೋಗಬೇಕಾಗ್ತೈತಿ."

ಪಕ್ಕದ ಊರೆಂದರೆ ಮೂರು ಕಿಲೋಮೀಟರು, ಅದೂ ತುಂಬಿದ ಕಾಲುವೆಯ ದಂಡೆಗುಂಟ. ಬಸ್ಸಿಲ್ಲ, ಆಟೋ ಇಲ್ಲ. ಹಿಂದೆ ಕುಳಿತಿದ್ದ ಒಬ್ಬರು, "ಗಂಡುಹುಡುಗ್ರು ಹೋಗ್ತಾವು. ಹೆಣ್ಣುಮಕ್ಕಳನ್ನ ನಾ ಕಳಸಂಗಿಲ್ಲಪ್ಪ, ಮನ್ಯಾಗ ಇರ್ಲಿ," ಎಂದರು. ಇನ್ನೂ ನಾಲ್ಕು ಜನ ಹೌದು ಹೌದು ಎಂದರು. ಸುಳ್ಳೇಕೆ ಹೇಳಲಿ, ನನ್ನ ಮನಸ್ಸಿನಲ್ಲಿದ್ದುದೂ ಅದೇ. ಪಕ್ಕದಲ್ಲಿ ಕುಳಿತಿದ್ದ ಶಬಾನಾ ನನ್ನ ಮುಖವನ್ನೇ ನೋಡುತ್ತಿದ್ದಳು. ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನನ್ನ ಅಕ್ಕನ ಓದು ನಿಂತದ್ದೂ ಹೀಗೆಯೇ, ಎರಡು ತಿಂಗಳ ಮಟ್ಟಿಗೆ ಎಂದು.

ಆಗ ಎದ್ದು ನಿಂತವರು ನರಸಮ್ಮ. ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಮುಖ್ಯಸ್ಥೆ, ಶಾಲೆಯ ಮೇಲುಸ್ತುವಾರಿ ಸಮಿತಿಗೆ ಅಧ್ಯಕ್ಷೆ. ಅಧ್ಯಕ್ಷರನ್ನು ಆರಿಸುವ ಸಭೆಗೆ ಅವರು ಬಂದಿರಲಿಲ್ಲ, ಬಂದವರೆಲ್ಲ ಸೇರಿ ಬಾರದವರ ತಲೆಗೆ ಕಟ್ಟಿದ್ದರು.

"ಕಾಲುವಿ ನೀರಿಗೆ ಪಾಳಿ ಹಚ್ಚತೀವಿಲ್ಲೋ?" ಎಂದರು ನರಸಮ್ಮ. "ಇವತ್ತು ಇವನ ಹೊಲ, ನಾಳೆ ಅವನ ಹೊಲ. ಹಂಗs ಸಾಲಿಗೂ ಪಾಳಿ ಹಚ್ಚರಿ. ದಿನಾ ಇಬ್ಬರು ಬಂದು ಕುಂದರೂದು. ಗುರುಗಳು ಹೇಳಿಕೊಟ್ಟದ್ದನ್ನ ಹುಡುಗ್ರ ಕಡಿಂದ ಓದಸೂದು, ಬರಸೂದು. ಪಾಳಿ ತಪ್ಪಿಸಿದವನ ಹೊಲಕ್ಕ ನಮ್ಮ ಗುಂಪು ನಾಟಿಗೆ ಬರಂಗಿಲ್ಲ, ನೋಡ್ರಿ ಮತ್ತ."

ಆ ಕೊನೆಯ ಮಾತಿಗೆ ಗಂಡಸರೆಲ್ಲ ಒಪ್ಪಿಬಿಟ್ಟರು. ಬಸಲಿಂಗಪ್ಪನವರು ಮೇಲಿನವರಿಗೆ ವಿಷಯ ತಿಳಿಸಿದರು. ಅಲ್ಲಿಂದ ಬಂದ ಉತ್ತರ, ಒಂದು ತಿಂಗಳು ಮಾಡಿ ನೋಡಿ, ಆಮೇಲೆ ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತೇವೆ, ಕಲಿಕೆ ಹಿಂದೆ ಬಿದ್ದಿದ್ದರೆ ದೊಡ್ಡ ಮಕ್ಕಳು ಪಕ್ಕದ ಊರಿಗೇ ಹೋಗಬೇಕು.

ಆ ಒಂದು ತಿಂಗಳು ನಮ್ಮ ಶಾಲೆಯನ್ನು ನೋಡಬೇಕಿತ್ತು. ಓದಿಸುವ ಪಾಳಿಗೆ ಬಂದ ಒಬ್ಬ ಅಜ್ಜ ಮನೆಯಲ್ಲಿದ್ದ ಹಳೇ ಲಗ್ನಪತ್ರಿಕೆಗಳನ್ನೆಲ್ಲ ತಂದು ಹಂಚಿದ. ಮಕ್ಕಳು "ಚಿರಂಜೀವಿ ಸೌಭಾಗ್ಯವತಿ" ಎಂದು ತಡವರಿಸದೆ ಓದುವುದನ್ನು ಕಲಿತರು. ನರಸಮ್ಮನಿಗೆ ಅಕ್ಷರ ಬರುವುದಿಲ್ಲ. ಆದರೆ ಅವರು ಬಾಗಿಲಲ್ಲಿ ಬಂದು ಕುಳಿತರೆಂದರೆ ಕೋಣೆಯಲ್ಲಿ ಉಸಿರೂ ಕೇಳಿಸುತ್ತಿರಲಿಲ್ಲ. "ನನಗ ಓದಾಕ ಬರೂದಿಲ್ಲ ಖರೆ, ನೀವು ಓದಾಕತ್ತೀರೋ ಇಲ್ಲೋ ಅನ್ನೂದು ಗೊತ್ತಾಗ್ತೈತಿ," ಎನ್ನುತ್ತಿದ್ದರು.

ನನಗೆ ಬಂದದ್ದು ಲೆಕ್ಕ. ಸುಗ್ಗಿ ಶುರುವಾಗಲು ಇನ್ನೂ ದಿನವಿತ್ತು, ಕೈ ಖಾಲಿ ಇತ್ತು, ವಾರಕ್ಕೆ ಒಂದು ಪಾಳಿಯ ಬದಲು ಮೂರು ದಿನ ಹೋಗತೊಡಗಿದೆ. ನನ್ನ ಹೆಂಡತಿ ಮಾಳಿಗೆ ಸೋರುವ ಜಾಗ ತೋರಿಸಿ, "ಮನಿಗೆ ಮಾರಿ, ಊರಿಗೆ ಉಪಕಾರಿ," ಎಂದಳು. ನಾನು ಕೇಳಿಸದವನಂತೆ ಅಂಗಿ ಇಸ್ತ್ರಿ ಮಾಡಿಕೊಂಡು ಹೊರಟೆ. ಮಕ್ಕಳು "ಸರ್, ಸರ್" ಎಂದು ಕರೆಯುವಾಗ ಎದೆ ಉಬ್ಬುತ್ತಿತ್ತು. ಪುಸ್ತಕದ ಲೆಕ್ಕದಲ್ಲಿ ಸೇಬು, ಕಿತ್ತಳೆ ಇದ್ದವು. ನಮ್ಮ ಮಕ್ಕಳಿಗೆ ಸೇಬು ಎಲ್ಲಿಂದ ಬರಬೇಕು ಎಂದು ನಾನು ಭತ್ತದ ಚೀಲದ ಲೆಕ್ಕ ಹಾಕಿಸಿದೆ. ಗುಣಾಕಾರ, ಕಳೆಯುವುದು, ಎಲ್ಲ ಚೀಲದಲ್ಲೇ. ಹದಿನೈದು ದಿನಕ್ಕೆ ನಾಲ್ಕನೇ ತರಗತಿಯ ಮಕ್ಕಳು ಬಾಯಲ್ಲೇ ಉತ್ತರ ಕೊಡತೊಡಗಿದರು. ಬಸಲಿಂಗಪ್ಪನವರು ಕಿಟಕಿಯಲ್ಲಿ ಇಣುಕಿ, "ಖಾಜಾ, ನೀ ಮಾಸ್ತರ ಆಗಬೇಕಿತ್ತೋ," ಎಂದರು. ಆ ರಾತ್ರಿ ನನಗೆ ಖುಷಿಗೆ ನಿದ್ದೆ ಹತ್ತಲಿಲ್ಲ.

ಪರೀಕ್ಷೆಯ ದಿನ ಬಂತು. ಸಿಂಧನೂರಿನಿಂದ ಒಬ್ಬ ಅಧಿಕಾರಿ ಮೇಡಂ ಬಂದರು. ನಡುವಯಸ್ಸು, ಮಾತು ಕಡಿಮೆ. ಊರಿನ ಅರ್ಧ ಜನ ಶಾಲೆಯ ಕಿಟಕಿಗೆ ಮುತ್ತಿಕೊಂಡಿದ್ದರು. ನಾನೂ ನರಸಮ್ಮನೂ ಬಾಗಿಲ ಒಳಗೆ ನಿಂತಿದ್ದೆವು. ಓದುವುದರಲ್ಲಿ ಮಕ್ಕಳು ಗೆದ್ದರು. ಬರೆಯುವುದರಲ್ಲೂ ಪರವಾಗಿಲ್ಲ. ಆಮೇಲೆ ಮೇಡಂ ನಾಲ್ಕನೇ ತರಗತಿಗೆ ಬಂದು, ಇಲ್ಲಿನ ಮಕ್ಕಳಿಗೆ ತಿಳಿಯಲಿ ಎಂದೋ ಏನೋ, ಬೋರ್ಡಿನ ಮೇಲೆ ಬರೆದರು: ಒಂದು ಚೀಲದಲ್ಲಿ 75 ಕಿಲೋ ಭತ್ತ ಇದೆ. ಹತ್ತು ಚೀಲದಲ್ಲಿ ಎಷ್ಟು?

ನನಗೆ ಹಾಲು ಕುಡಿದಷ್ಟು ಸಂತೋಷ. ನಮ್ಮ ಮಕ್ಕಳಿಗೆ ಇದು ನೀರು ಕುಡಿದಷ್ಟು ಸಲೀಸು. ಹದಿಮೂರು ಮಕ್ಕಳು ಒಟ್ಟಿಗೇ ಕೂಗಿದರು: "ಏಳುನೂರಾ ಮೂವತ್ತೈದು."

ಮೇಡಂ ಬೋರ್ಡಿನತ್ತ ತಿರುಗಿ ನೋಡಿದರು. ತಾವೇ ತಪ್ಪು ಬರೆದೆನೋ ಎಂಬಂತೆ. "ಇನ್ನೊಮ್ಮೆ ವಿಚಾರ ಮಾಡ್ರಿ," ಎಂದರು. ಮಕ್ಕಳು ವಿಚಾರ ಮಾಡಿ ಮತ್ತೆ ಇನ್ನೂ ಜೋರಾಗಿ ಏಳುನೂರಾ ಮೂವತ್ತೈದು ಎಂದರು. ಬಸಲಿಂಗಪ್ಪನವರ ಮುಖದಲ್ಲಿ ರಕ್ತವಿರಲಿಲ್ಲ. ಹತ್ತರಿಂದ ಗುಣಿಸಲು ಬಾರದ ನಾಲ್ಕನೇ ತರಗತಿ ಎಂದರೆ ಪಾಳಿಯ ಕಥೆ ಮುಗಿಯಿತು. ಏನಾಯಿತೆಂದು ಹೊಳೆದದ್ದು ನನಗೊಬ್ಬನಿಗೇ.

"ಹೆಂಗ ಬಂತು ಅದು?" ಎಂದು ಮೇಡಂ ಶಬಾನಾಳನ್ನೇ ಎಬ್ಬಿಸಿದರು.

"ಏಳುನೂರಾ ಐವತ್ತು ಆಗ್ತೈತ್ರಿ," ಎಂದಳು ನನ್ನ ಮಗಳು, ಇದೂ ಗೊತ್ತಿಲ್ಲವೇ ಎನ್ನುವ ಧಾಟಿಯಲ್ಲಿ. "ಚೀಲಕ್ಕ ಒಂದೂವರಿ ಕಿಲೋ ಸೂಟು ಹಿಡೀಬೇಕಲ್ರಿ. ಹತ್ತು ಚೀಲಕ್ಕ ಹದಿನೈದು ಹೋತು."

ಭತ್ತ ತೂಗುವಾಗ ಚೀಲದ ತೂಕ, ತೇವ, ಧೂಳು ಎಂದು ಚೀಲಕ್ಕಿಷ್ಟು ಕಳೆದುಬಿಡುವುದು ನಮ್ಮ ಕಡೆಯ ರೂಢಿ. ಅದಕ್ಕೆ ಸೂಟು ಎನ್ನುತ್ತಾರೆ. ಇಷ್ಟು ವರ್ಷ ಕಳೆದು ಕಳೆದು ನನಗದು ಕಳೆದಂತೆಯೂ ಅನಿಸುತ್ತಿರಲಿಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗಲೂ ಬೋರ್ಡಿನ ಮೇಲೆ ಪ್ರತಿ ಸಲ ಸೂಟು ಕಳೆದೇ ಉತ್ತರ ಬರೆದಿದ್ದೆ. ಅದು ಗಣಿತದ ನಿಯಮ ಎಂದೇ ಮಕ್ಕಳು ತಿಳಿದಿದ್ದರು.

ಕಿಟಕಿಯಲ್ಲಿದ್ದವರು ನಗಲು ಶುರುಮಾಡಿದರು. "ಯಾರು ಹೇಳಿಕೊಟ್ರು ಇದನ್ನ?" ಎಂದು ಮೇಡಂ ಕೇಳುವುದರೊಳಗೆ ನನ್ನ ಕೈ ತಾನಾಗಿ ಹಣೆಯ ಬೆವರು ಒರೆಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. "ನಾನs ರೀ ಮೇಡಂ," ಎಂದೆ. "ತಪ್ಪಾತು. ಗುರುಗಳದೇನೂ ಇಲ್ಲ. ಇದಕ್ಕs ಮಕ್ಕಳನ್ನ ಪಕ್ಕದೂರಿಗೆ ಕಳಸಬ್ಯಾಡ್ರಿ, ನನ್ನ ಪಾಳಿ ಬೇಕಾದ್ರ ತೆಗೀರಿ."

ಮೇಡಂ ಮಕ್ಕಳ ಕಡೆ ತಿರುಗಿ, "ಸೂಟು ಯಾಕ ಹಿಡೀತಾರ?" ಎಂದರು.

"ಖಾಲಿ ಚೀಲ ತೂಕ ಇರ್ತೈತಲ್ರಿ," ಎಂದಿತು ಇಡೀ ತರಗತಿ.

"ಖಾಲಿ ಚೀಲ ಎಷ್ಟು ತೂಕ ಇರ್ತೈತಿ?"

ಯಾರಿಗೂ ಗೊತ್ತಿಲ್ಲ. ಮಕ್ಕಳು ನನ್ನ ಕಡೆ ನೋಡಿದರು. ನಾನು ನರಸಮ್ಮನ ಕಡೆ ನೋಡಿದೆ. ನರಸಮ್ಮ ಬಿಸಿಯೂಟದ ಅಡುಗೆಕೋಣೆಗೆ ಹೋಗಿ ಅಕ್ಕಿಯ ಖಾಲಿ ಗೋಣಿಚೀಲವನ್ನೂ ಬೇಳೆ ತೂಗುವ ಸಣ್ಣ ಕಾಟಾವನ್ನೂ ತಂದು ಮೇಜಿನ ಮೇಲೆ ಇಟ್ಟರು. "ನೀನs ತೂಗಪ್ಪ, ನಿನ್ನ ಕೆಲಸ," ಎಂದರು. ಚೀಲ ಮಡಚಿ ಕಾಟಾದ ಮೇಲಿಟ್ಟೆ. ಆರುನೂರು ಗ್ರಾಂ.

ಹೊರಗೆ ನಗುತ್ತಿದ್ದವರು ಕಾಟಾ ನೋಡಲು ಕಿಟಕಿಯೊಳಗೆ ಕತ್ತು ಚಾಚಿದರು. ಅವರೆಲ್ಲ ಭತ್ತ ಬೆಳೆಯುವವರು. ಇಷ್ಟು ವರ್ಷ ನಾನೂ ತೂಗಿರಲಿಲ್ಲ, ಅವರೂ ತೂಗಿಸಿರಲಿಲ್ಲ. ಮಕ್ಕಳು ಮಾತ್ರ ಯಾರೂ ಹೇಳದೆಯೇ ಪಾಟಿಯ ಮೇಲೆ ಗೀಚತೊಡಗಿದ್ದರು. ಮೊದಲು ಎದ್ದವಳು ಶಬಾನಾ.

"ಹತ್ತು ಚೀಲಕ್ಕ ಆರು ಕಿಲೋ ಆತು," ಎಂದಳು. "ನಾವು ಹದಿನೈದು ಕಳದೀವಿ. ಒಂಬತ್ತು ಕಿಲೋ ಉಳೀತು." ಆಮೇಲೆ, ಮೇಡಂ ಇರುವುದನ್ನು ಮರೆತು, ನನ್ನ ಕಡೆ ತಿರುಗಿದಳು. "ಅದು ಯಾರದು, ಅಬ್ಬಾ?"

ತೇವ ಇರುತ್ತದೆ, ಧೂಳು ಇರುತ್ತದೆ ಎಂದು ಹೇಳಬಹುದಿತ್ತು. ಕಣದಲ್ಲಿ ಯಾರಾದರೂ ಕೇಳಿದ್ದರೆ ಹಾಗೆಯೇ ಹೇಳಿ ಮುಂದಿನ ಚೀಲ ಎತ್ತಿಸುತ್ತಿದ್ದೆ. ಒಣಗಿ ಖಣಖಣ ಎನ್ನುವ ಭತ್ತಕ್ಕೂ ಅಷ್ಟೇ ಕಳೆದವನು ನಾನು. ಮಗಳ ಮುಂದೆ ಆ ಮಾತು ಹೇಳಲಾಗಲಿಲ್ಲ. "ಬೆಳದವರದು, ಬೇಟಾ," ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು, ಆದರೆ ಕಿಟಕಿಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಹಾಂಗಾದ್ರ ಉತ್ತರ ತಿದ್ದಿ ಬರೀರಿ, ಸರ್," ಎಂದರು ಮೇಡಂ. ನನ್ನನ್ನು ಸರ್ ಎಂದ ಮೊದಲ ಅಧಿಕಾರಿ ಅವರು. ಸೀಮೆಸುಣ್ಣ ತೆಗೆದುಕೊಂಡು 750 ಎಂದು ಬರೆದೆ.

ಹೊರಡುವಾಗ ಮೇಡಂ ಬಸಲಿಂಗಪ್ಪನವರಿಗೆ, "ಗುಣಿಸ್ತಾರ, ಕಳೀತಾರ, ತೂಗ್ತಾರ, ಮ್ಯಾಲ ಪ್ರಶ್ನೆ ಬ್ಯಾರೆ ಕೇಳ್ತಾರ. ಎಲ್ಲಿಗೂ ಕಳಸೂದು ಬ್ಯಾಡ. ಟೀಚರ್ ಬರೂತನಕ ಪಾಳಿ ನಡೀಲಿ," ಎಂದರು. ಅಂಗಳದಲ್ಲಿ ಹೋ ಎಂದು ಕೂಗೆದ್ದಿತು. ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎಂದಿದ್ದವರೇ ಎಲ್ಲರಿಗೂ ಚಹಾ ತರಿಸಿದರು. ನರಸಮ್ಮ ನನ್ನ ಲೋಟಕ್ಕೆ ಅರ್ಧವೇ ಬಗ್ಗಿಸಿ, "ಉಳಿದದ್ದು ಸೂಟು," ಎಂದರು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ.

ಹದಿನೈದು ದಿನಕ್ಕೆ ಸುಗ್ಗಿ ಶುರುವಾಯಿತು. ನಾನು ವ್ಯಾಪಾರಸ್ಥರ ಹತ್ತಿರ ಹೋಗಿ, ನಮ್ಮೂರಲ್ಲಿ ಈ ಸಲ ಖಾಲಿ ಚೀಲ ತೂಗಿ ಅಷ್ಟನ್ನೇ ಕಳೆಯುತ್ತೇನೆ ಎಂದೆ. "ಕಲಸಾಕ ಹೋಗಿ ನೀನs ಕಲ್ತು ಬಂದಿ ಏನಲೇ?" ಎಂದು ಅವರು ರೇಗಿದರು. ಇಡೀ ಊರೇ ಹಾಗೆ ಪಟ್ಟು ಹಿಡಿದಿದೆ ಎಂದು ತಿಳಿದ ಮೇಲೆ ಗೊಣಗಿಕೊಂಡು ಒಪ್ಪಿದರು. ಬೇರೆ ಊರಿನ ಕಣಗಳಲ್ಲಿ ಇನ್ನೂ ಹಳೆಯ ರೂಢಿಯೇ ನಡೆದಿದೆ, ಅಲ್ಲಿ ತೂಗುವವನೂ ನಾನೇ. ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಒಂದೂವರೆ ಕಿಲೋ ಕಳೆದು ಕೂಗುವಾಗಲೆಲ್ಲ ಬಾಯಿ ಕಹಿಯಾಗುತ್ತದೆ. ಯಾರಾದರೂ ಕೇಳಬಾರದೇ ಎನಿಸುತ್ತದೆ. ಯಾರೂ ಕೇಳುವುದಿಲ್ಲ.

ನಮ್ಮೂರಲ್ಲಿ ಮೊದಲು ತೂಗಿದ್ದು ನರಸಮ್ಮ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಹೊಲದ ಭತ್ತ. ಭಾನುವಾರವಾದ್ದರಿಂದ ನಾಲ್ಕನೇ ತರಗತಿಯ ಹದಿಮೂರೂ ಮಕ್ಕಳು ಕಣಕ್ಕೆ ಬಂದು ಕಾಟಾದ ಸುತ್ತ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ತೂಕ ಕೂಗುತ್ತಿದ್ದರು. ನಾನು ಸುಮ್ಮನೆ ಹೌದು ಎನ್ನುತ್ತಿದ್ದೆ. ಇಷ್ಟು ವರ್ಷ ತೂಗಿದ್ದೇನೆ, ಒಂದು ಚೀಲವನ್ನೂ ಅಷ್ಟು ಹಗುರ ಮನಸ್ಸಿನಿಂದ ಇಳಿಸಿರಲಿಲ್ಲ.